ಬರ್ಲಿನ್ ಗೋಡೆ ಬಾಯಿತಪ್ಪಿ ಬಿತ್ತಾ?

ಪ್ರಶ್ನೆ: ಸರ್, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಬಂದಿತ್ತು, ಯಾರೋ ಮಂತ್ರಿ ಪ್ರೆಸ್‌ಮೀಟಲ್ಲಿ ಬಾಯಿತಪ್ಪಿ ಏನೋ ಅಂದಿದ್ದಕ್ಕೆ ಬರ್ಲಿನ್ ಗೋಡೆ ಒಂದೇ ರಾತ್ರೀಲಿ ಬಿದ್ದೋಯ್ತು ಅಂತ. 28 ವರ್ಷ ನಿಂತಿದ್ದ ಗೋಡೆ ಹಾಗೆಲ್ಲ ಬೀಳುತ್ತಾ? (ಓದುಗರೊಬ್ಬರು, ತಿಪಟೂರು)

ಉತ್ತರ: ಮೆಸೇಜಲ್ಲಿರೋದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಕತೆ, ಮುಖ್ಯವಾದ ಅರ್ಧವೇ ಬಿಟ್ಟುಹೋಗಿದೆ. ಆಗ ಜರ್ಮನಿ ಎರಡು ದೇಶ ಆಗಿತ್ತು, ಕಮ್ಯುನಿಸ್ಟ್ ಪೂರ್ವ ಜರ್ಮನಿ ತನ್ನ ಜನ ಪಶ್ಚಿಮಕ್ಕೆ ಓಡಿಹೋಗದ ಹಾಗೆ ಕಟ್ಟಿದ್ದ ಗೋಡೆ ಇದು.

ಬಾಯಿತಪ್ಪಿದವರು ಮಂತ್ರಿ ಅಲ್ಲ, ಪೂರ್ವ ಜರ್ಮನಿಯ ಆಳುವ ಪಕ್ಷದ ಪಾಲಿಟ್‌ಬ್ಯೂರೋ (ಪಕ್ಷದ ಅತ್ಯುನ್ನತ ಸಮಿತಿ) ಸದಸ್ಯ ಗುಂಟರ್ ಶಾಬೋವ್‌ಸ್ಕಿ. 1989 ನವೆಂಬರ್ 9, ಸಂಜೆ ಪ್ರೆಸ್‌ಮೀಟ್, ಟೀವೀಲಿ ಲೈವ್ ಬರ್ತಿತ್ತು. ಜನ ದೇಶದಿಂದ ಹೊರಗೆ ಹೋಗೋ ನಿಯಮ ಸಡಿಲ ಮಾಡಿದ್ದ ಒಂದು ಹಾಳೆಯನ್ನ ಪಕ್ಷದ ಮುಖ್ಯಸ್ಥ ಎಗೋನ್ ಕ್ರೆಂಜ್ ಇವರ ಕೈಗೆ ಕೊಟ್ಟಿದ್ರು, ಅದರ ಚರ್ಚೆ ನಡೆದಾಗ ಇವರು ಅಲ್ಲಿರಲಿಲ್ಲ, ಸರಿಯಾಗಿ ಓದಿಕೊಂಡೂ ಇರಲಿಲ್ಲ. ಅಸಲಿಗೆ ಅದು ಮಾರನೇ ದಿನದಿಂದ ಜಾರಿಗೆ ಬರಬೇಕಿತ್ತು, ಅದೂ ಆಫೀಸಿಗೆ ಹೋಗಿ ಅರ್ಜಿ ಹಾಕಿ ವೀಸಾ ತಗೊಂಡೋರಿಗೆ. ಯಾವಾಗಿಂದ ಜಾರಿ ಅಂತ ಪತ್ರಕರ್ತರು ಕೇಳಿದಾಗ ಈ ಮನುಷ್ಯ ಹಾಳೆ ತಿರುಗಿಸಿ ಮುರುಗಿಸಿ ನೋಡಿ, ನನಗೆ ಗೊತ್ತಿರೋ ಪ್ರಕಾರ ಈಗಿಂದೀಗಲೇ, ತಕ್ಷಣ ಅಂದುಬಿಟ್ರು. ಅಷ್ಟೇ, ಊರಿಗೆ ಊರೇ ಗೋಡೆ ಕಡೆ ಹೊರಟಿತು.

ಈಗ ನೀವೇ ಯೋಚನೆ ಮಾಡಿ, ಇದೇ ಮಾತು 1975ರಲ್ಲಿ ಟೀವೀಲಿ ಬಂದಿದ್ದರೆ ಒಬ್ರಾದ್ರೂ ಮನೆಯಿಂದ ಹೊರಗೆ ಬರ್ತಿದ್ರಾ? 1961 ಆಗಸ್ಟ್ 13ರ ರಾತ್ರಿ ಮುಳ್ಳುತಂತಿ ಎಳೆದು ಶುರು ಮಾಡಿದ ಗೋಡೆ ಅದು, ಆಮೇಲೆ ಪಶ್ಚಿಮ ಬರ್ಲಿನ್ ಸುತ್ತ ಸುಮಾರು 155 ಕಿ.ಮೀ. ಬೆಳೀತು, ಕಾವಲು ಗೋಪುರ, ನಾಯಿ, ಬಂದೂಕು ಎಲ್ಲಾ ಇತ್ತು. ಅಲ್ಲಿ ಸತ್ತೋರು ಕಡಿಮೆ ಅಂದ್ರೂ 140 ಜನ. 1962ರಲ್ಲಿ ಪೀಟರ್ ಫೆಶ್ಟರ್ ಅನ್ನೋ 18 ವರ್ಷದ ಹುಡುಗ ಗುಂಡು ತಗುಲಿ ಗೋಡೆ ಬುಡದಲ್ಲಿ ಬಿದ್ದು ಸಹಾಯಕ್ಕೆ ಕೂಗಿ ಕೂಗಿ, ಹತ್ತಿರಹತ್ತಿರ ಒಂದು ಗಂಟೆ ರಕ್ತ ಹರಿದು ಪ್ರಾಣ ಬಿಟ್ಟ, ಎರಡೂ ಕಡೆ ಜನ ನೋಡ್ತಾನೇ ನಿಂತಿದ್ರು. ಹೀಗಿದ್ದ ಜಾಗಕ್ಕೆ ಟೀವೀಲಿ ಒಂದು ಮಾತು ಕೇಳಿ ಯಾರೂ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗಲ್ಲ. 1989ರಲ್ಲಿ ಹೋದ್ರು, ಯಾಕಂದ್ರೆ ಭಯ ಒಂದು ತಿಂಗಳ ಹಿಂದೆಯೇ ಒಡೆದಿತ್ತು, ಒಡೆದಿದ್ದು ಪೂರ್ವ ಜರ್ಮನಿಯದ್ದೇ ಇನ್ನೊಂದು ಊರು ಲೈಪ್‌ಜಿಗ್‌ನಲ್ಲಿ.

ಅಲ್ಲಿನ ನಿಕೊಲಾಯ್ ಚರ್ಚಲ್ಲಿ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೀತಿತ್ತು, ಮುಗಿದ ಮೇಲೆ ಜನ ಬೀದಿಗೆ ಬರೋದು ಶುರುವಾಯ್ತು. ಅಕ್ಟೋಬರ್ 9ರ ಸೋಮವಾರ ಸುಮಾರು 70,000 ಜನ ಸೇರಿದ್ರು. ಚೀನಾದ ತಿಯಾನನ್ಮೆನ್‌ನಲ್ಲಿ ಜೂನ್ ತಿಂಗಳಲ್ಲಷ್ಟೇ ಪ್ರತಿಭಟನೆ ಮಾಡ್ತಿದ್ದೋರ ಮೇಲೆ ಸೈನ್ಯ ಗುಂಡು ಹಾರಿಸಿತ್ತು ಅಂತ ಆ ಜನಕ್ಕೆಲ್ಲ ಗೊತ್ತಿತ್ತು, ಪೊಲೀಸರು ಶಸ್ತ್ರ ಹಿಡಿದು ರೆಡಿಯಾಗಿದ್ರು, ಆದರೂ ಕೈಯಲ್ಲಿ ಮೇಣದಬತ್ತಿ ಹಿಡ್ಕೊಂಡು "ನಾವೇ ಜನ" ಅಂತ ಕೂಗ್ತಾ ನಡೆದ್ರು. ಅವತ್ತು ಒಂದು ಗುಂಡೂ ಹಾರಲಿಲ್ಲ. ಇದಕ್ಕಿಂತ ದೊಡ್ಡ ತಿರುವು ಆ ವರ್ಷ ಜರ್ಮನೀಲಿ ಇನ್ನೊಂದಿಲ್ಲ ಅಂತ ನಾನು ಖಂಡಿತವಾಗಿ ಹೇಳ್ತೀನಿ. ಒಂಬತ್ತು ದಿನಕ್ಕೆ, ಕ್ರೆಂಜ್‌ಗಿಂತ ಮುಂಚೆ ದೇಶ ಆಳ್ತಿದ್ದ ಎರಿಕ್ ಹೋನೆಕರ್ ಕುರ್ಚಿ ಬಿಟ್ರು, ಗೋಡೆ ಇನ್ನೂ ಐವತ್ತು, ನೂರು ವರ್ಷ ಇರುತ್ತೆ ಅಂತ ಅದೇ ಜನವರಿಯಲ್ಲಿ ಹೇಳಿದ್ದವರು. ಹಂಗೇರಿ ಕೂಡ ಸೆಪ್ಟೆಂಬರಲ್ಲೇ ಆಸ್ಟ್ರಿಯಾ ಕಡೆಗೆ ಗಡಿ ತೆಗೆದಿದ್ದರಿಂದ ಪೂರ್ವ ಜರ್ಮನಿಯ ಸಾವಿರಾರು ಜನ ಆ ದಾರೀಲಿ ಪಶ್ಚಿಮಕ್ಕೆ ಹೋಗ್ತಾನೇ ಇದ್ರು.

ಇನ್ನು ನವೆಂಬರ್ 9ರ ಆ ರಾತ್ರಿಯ ಇನ್ನೊಬ್ಬ ಮನುಷ್ಯ, ಹರಾಲ್ಡ್ ಯೇಗರ್. ಪೂರ್ವ, ಪಶ್ಚಿಮ ಬರ್ಲಿನ್ ನಡುವಿನ ಬೋರ್ನ್‌ಹೋಲ್ಮರ್ ರಸ್ತೆ ಗೇಟಿನ ಅಧಿಕಾರಿ. ಕ್ಯಾಂಟೀನಲ್ಲಿ ಊಟ ಮಾಡ್ತಾ ಟೀವೀಲಿ ಶಾಬೋವ್‌ಸ್ಕಿ ಮಾತು ಕೇಳಿಸ್ಕೊಂಡವರು. ಹೊರಗೆ ಬಂದು ನೋಡಿದ್ರೆ ಜನ, ಇನ್ನೂ ಜನ. ಮೇಲಧಿಕಾರಿಗೆ ಮೇಲಿಂದ ಮೇಲೆ ಫೋನ್ ಮಾಡಿದ್ರು, ಸ್ಪಷ್ಟ ಉತ್ತರ ಇಲ್ಲ, ಕೊನೆಗೆ ಬಂದ ಆರ್ಡರ್ ಏನಪ್ಪಾ ಅಂದ್ರೆ ಜಾಸ್ತಿ ಗಲಾಟೆ ಮಾಡೋರನ್ನ ಆಚೆ ಬಿಡಿ, ಆದರೆ ಅವರ ಐಡಿ ಕಾರ್ಡಿನ ಫೋಟೋ ಮೇಲೆ ಸೀಲು ಹೊಡೀರಿ, ವಾಪಸ್ ಬರೋ ಹಾಗಿಲ್ಲ ಅಂತ. ಹಾಗೆ ಆಚೆ ಹೋದ ಒಂದು ಚಿಕ್ಕ ವಯಸ್ಸಿನ ಗಂಡ ಹೆಂಡತಿ ಸ್ವಲ್ಪ ಹೊತ್ತಿಗೆ ವಾಪಸ್ ಬಂದ್ರು, ಮಕ್ಕಳು ಮನೇಲಿ ಮಲಗಿದಾವೆ ಅಂತ. ಗೇಟಲ್ಲಿ ತಡೆದ್ರು. ಯೇಗರ್ ಆ ತಾಯಿ ಮುಖ ನೋಡಿ, ಆರ್ಡರ್ ಬದಿಗಿಟ್ಟು ಒಳಗೆ ಬಿಟ್ಟುಬಿಟ್ರು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಪೂರ್ತಿ ಗೇಟನ್ನೇ ತೆಗೆಸಿದ್ರು, ಮೇಲಿಂದ ಅಪ್ಪಣೆ ಇಲ್ಲದೆ. ಅವರು ಗುಂಡು ಹಾರಿಸಿ ಅಂದಿದ್ರೆ? ನಾನು ಈ ಜಾಗಕ್ಕೆ ಬಂದಾಗಲೆಲ್ಲ ಸ್ವಲ್ಪ ಹೊತ್ತು ಓದೋದು ನಿಲ್ಲಿಸ್ತೀನಿ.

ಹಾಗಾಗಿ ಬಾಯಿತಪ್ಪಿದ್ದರಿಂದ ಗೋಡೆ ಬಿದ್ದ ದಿನ ಯಾವುದು ಅನ್ನೋದು ನಿರ್ಧಾರ ಆಯ್ತು, ಬೀಳಿಸಿದ್ದು ಮಾತ್ರ ಆ ಜನ.

ಪ್ರಶ್ನೆ: ಹಾಗಾದ್ರೆ ಗೋರ್ಬಚೆವ್, ರೇಗನ್ ಪಾತ್ರ ಏನೂ ಇಲ್ವಾ? (ಕಾಲೇಜು ವಿದ್ಯಾರ್ಥಿನಿ, ಶಿರಸಿ)

ಉತ್ತರ: ಆಗಿನ ಸೋವಿಯತ್ ನಾಯಕ ಗೋರ್ಬಚೆವ್ ಅವರದ್ದು ಬಹಳ ದೊಡ್ಡದು ಕಣಮ್ಮ. 1953ರಲ್ಲಿ ಪೂರ್ವ ಬರ್ಲಿನ್, 1956ರಲ್ಲಿ ಬುಡಾಪೆಸ್ಟ್, 1968ರಲ್ಲಿ ಪ್ರಾಗ್, ಮೂರು ಸಲವೂ ಜನ ಎದ್ದಾಗ ಸೋವಿಯತ್ ಟ್ಯಾಂಕು ಬಂದಿತ್ತು. 1989ರಲ್ಲಿ ಪೂರ್ವ ಜರ್ಮನೀಲಿ ಲಕ್ಷಗಟ್ಟಲೆ ಸೋವಿಯತ್ ಸೈನಿಕರು ಇದ್ರೂ ಗೋರ್ಬಚೆವ್ ಅವರನ್ನ ಬ್ಯಾರಕ್ ಬಿಟ್ಟು ಹೊರಗೆ ಕಳಿಸಲಿಲ್ಲ. ಅಮೆರಿಕದ ಆಗಿನ ಅಧ್ಯಕ್ಷ ರೇಗನ್ 1987ರಲ್ಲಿ ಬರ್ಲಿನ್‌ಗೆ ಬಂದು ಗೋಡೆ ಕೆಡವಿ ಅಂದಿದ್ದು ನಿಜ, ಒಳ್ಳೇ ಮಾತೇ, ಆದರೆ ಬೀದೀಲಿ ನಿಂತೋರ ಪಕ್ಕ ಅದನ್ನ ತೂಗೋಕೆ ನನಗೆ ಮನಸ್ಸು ಬರಲ್ಲ.

ಪ್ರಶ್ನೆ: ಮಗ ಬರ್ಲಿನ್‌ನಲ್ಲಿ ಕೆಲಸಕ್ಕೆ ಸೇರಿದಾನೆ, ಮುಂದಿನ ವರ್ಷ ಹೋಗ್ತಿದೀವಿ. ಗೋಡೆ ಈಗ್ಲೂ ನೋಡೋಕೆ ಸಿಗುತ್ತಾ? (ಓದುಗರು, ಮೈಸೂರು)

ಉತ್ತರ: ಸಿಗುತ್ತೆ. ಚಿತ್ರ ಬಿಡಿಸಿರೋ ಉದ್ದದ ಗೋಡೆ, ಹೆಚ್ಚುಕಡಿಮೆ 1.3 ಕಿ.ಮೀ., ಈಸ್ಟ್ ಸೈಡ್ ಗ್ಯಾಲರೀಲಿದೆ, ಎಲ್ಲರೂ ಅಲ್ಲಿಗೇ ಹೋಗೋದು. ಆದರೆ ದಯವಿಟ್ಟು ಬೆರ್ನಾವರ್ ರಸ್ತೆಗೂ ಹೋಗಿ ಬನ್ನಿ. ಅಲ್ಲಿ ಮನೆಗಳು ಪೂರ್ವಕ್ಕೆ ಸೇರಿದ್ವು, ಬಾಗಿಲ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ, 1961ರಲ್ಲಿ ಜನ ಕಿಟಕಿಯಿಂದ ಹಾರ್ತಿದ್ರು, ಕೆಳಗೆ ಪಶ್ಚಿಮದ ಫೈರ್ ಬ್ರಿಗೇಡಿನೋರು ಬಲೆ ಹಿಡ್ಕೊಂಡು ನಿಂತಿರ್ತಿದ್ರು. ಊರ ಮಧ್ಯೆ ಓಡಾಡುವಾಗ ಕಾಲ ಕೆಳಗೂ ನೋಡ್ತಿರಿ, ರಸ್ತೇಲಿ ಎರಡು ಸಾಲು ಕಲ್ಲು ಕೂರಿಸಿರೋದು ಕಾಣುತ್ತೆ, ಗೋಡೆ ಹಾದುಹೋಗಿದ್ದ ಜಾಗ ಅದು, ಈಗ ಬಸ್ಸು ಸೈಕಲ್ಲು ಎಲ್ಲಾ ಅದರ ಮೇಲೇ ಹೋಗ್ತವೆ.