ಅಲಂಕಾರ ಗುರುತಿಸಿದ ಮೇಲೆ ಮುಂದೇನು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಭಾಷಾ ಶಿಕ್ಷಕಿ. ಒಂದು ಭಾಷಣವನ್ನೋ ಸಂಪಾದಕೀಯವನ್ನೋ ಕೊಟ್ಟು ವಿಶ್ಲೇಷಿಸಲು ಹೇಳಿದರೆ, ಮಕ್ಕಳು ರೂಪಕ, ಪುನರಾವರ್ತನೆ ಮುಂತಾದವನ್ನು ಸರಿಯಾಗಿಯೇ ಗುರುತಿಸಿ, ಪ್ರತಿಯೊಂದರ ಮುಂದೆಯೂ ‘ಇದು ಕೇಳುಗರ ಮನಸ್ಸನ್ನು ಸೆಳೆಯುತ್ತದೆ’ ಎಂದು ಬರೆದು ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಕ್ಕೆ ಅವರನ್ನು ಕರೆದೊಯ್ಯುವುದು ಹೇಗೆ?

ಉತ್ತರ: ‘ಮನಸ್ಸನ್ನು ಸೆಳೆಯುತ್ತದೆ’ ಎಂಬ ಮಾತು ಎಲ್ಲ ಭಾಷಣಗಳಿಗೂ ಒಪ್ಪುವುದರಿಂದ ಯಾವುದರ ಬಗೆಗೂ ಏನನ್ನೂ ತಿಳಿಸುವುದಿಲ್ಲ. ನಾವು ಹೆಸರುಗಳ ಪಟ್ಟಿಯನ್ನು ಮೊದಲು ಕೊಟ್ಟು ಸಂದರ್ಭವನ್ನು ಆಮೇಲೆ ಹೇಳುವುದೇ ಇದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಈ ಕ್ರಮವನ್ನು ತಿರುಗಿಸಿ ನೋಡಿ. ಯಾರು, ಯಾರ ಮುಂದೆ, ಎಂಥ ಹೊತ್ತಿನಲ್ಲಿ ಮಾತನಾಡಿದರು, ಕೇಳಿದವರು ಏನನ್ನು ನಂಬಬೇಕೆಂದು ಅಥವಾ ಮಾಡಬೇಕೆಂದು ಬಯಸಿದರು ಎಂಬುದು ಮೊದಲು ತಿಳಿದಿರಲಿ.

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಮಾಡಿದ ಭಾಷಣ ತರಗತಿಗೆ ಹೇಳಿ ಮಾಡಿಸಿದಂತಿದೆ. ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ. ಮಡಿದ ಸೈನಿಕರ ಸ್ಮಶಾನವನ್ನು ಸಮರ್ಪಿಸಲು ಜನ ಸೇರಿದ್ದರು. ಲಿಂಕನ್‌ರಿಗಿಂತ ಮೊದಲು ಆ ಕಾಲದ ಹೆಸರಾಂತ ವಾಗ್ಮಿ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದ್ದರು. ಲಿಂಕನ್‌ರ ಮಾತು ಮೂಲದಲ್ಲಿ ಸುಮಾರು 270 ಪದಗಳಷ್ಟೇ. ಇಷ್ಟು ತಿಳಿದ ಮೇಲೆ, ಆ ಭಾಷಣದಲ್ಲಿ ಏನಿಲ್ಲ ಎಂದು ಮಕ್ಕಳನ್ನು ಕೇಳಿ. ‘ನಾನು’ ಎಂಬ ಪದವಿಲ್ಲ, ಶತ್ರುವಿನ ಹೆಸರಿಲ್ಲ, ಗೆದ್ದೆವೆಂಬ ಹೆಮ್ಮೆಯಿಲ್ಲ. ಸಮರ್ಪಣೆಗೆಂದೇ ಸೇರಿದವರ ಎದುರು, ಈ ನೆಲವನ್ನು ನಾವು ಸಮರ್ಪಿಸಲಾರೆವು, ಪಾವನಗೊಳಿಸಲಾರೆವು ಎಂದು ಒಂದರ ಹಿಂದೊಂದು ನಿರಾಕರಣೆ ಬರುತ್ತದೆ. ಇದನ್ನು ಪುನರಾವರ್ತನೆ ಎಂದು ಗುರುತಿಸುವ ವಿದ್ಯಾರ್ಥಿ ಬಾಗಿಲಲ್ಲೇ ನಿಂತಿದ್ದಾನೆ. ಸತ್ತವರಿಗೆ ಸಲ್ಲಬೇಕಾದ ಗೌರವವನ್ನು ಬದುಕಿರುವವರ ಹೆಗಲ ಮೇಲಿನ ಹೊಣೆಯಾಗಿ ಬದಲಿಸಲು ಈ ನಿರಾಕರಣೆ ಬೇಕಾಯಿತು ಎಂದು ಬರೆಯುವವನು ಒಳಗೆ ಬಂದಿದ್ದಾನೆ. ಲಿಂಕನ್‌ರ ಆ ನಿರಾಕರಣೆಯ ವಾಕ್ಯವನ್ನು ಒಂದೇ ಕ್ರಿಯಾಪದಕ್ಕೆ ಇಳಿಸಿ ಓದಿಸಿ, ಏನು ಕಳೆದುಹೋಯಿತೆಂದು ಕೇಳುವುದು ಸರಳವಾದರೂ ಬಹಳ ಫಲ ಕೊಡುವ ಅಭ್ಯಾಸ.

ವಕ್ತೃವಿನ ಶೀಲ, ಕೇಳುಗರ ಭಾವ, ಮಾತಿನೊಳಗಿನ ತರ್ಕ ಎಂಬ ಅರಿಸ್ಟಾಟಲನ ತ್ರಯವನ್ನು ಎಲ್ಲರೂ ಕಲಿಸುತ್ತಾರೆ. ಆದರೆ ಪ್ರತಿ ವಾಕ್ಯವನ್ನೂ ಈ ಮೂರು ಖಾನೆಗಳಲ್ಲಿ ಒಂದಕ್ಕೆ ತುಂಬಿಸುವ ಕೆಲಸ ವ್ಯರ್ಥ, ಏಕೆಂದರೆ ಒಳ್ಳೆಯ ವಾಕ್ಯವೊಂದು ಮೂರನ್ನೂ ಏಕಕಾಲದಲ್ಲಿ ಮಾಡಬಲ್ಲದು.

ವಾದದ ವಿಶ್ಲೇಷಣೆ ಬೇರೆಯೇ ಕಸುಬು. ಬ್ರಿಟಿಷ್ ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಪ್ರತಿಪಾದನೆ ಮತ್ತು ಆಧಾರಗಳ ನಡುವೆ ಅವೆರಡನ್ನೂ ಬೆಸೆಯುವ, ಸಾಮಾನ್ಯವಾಗಿ ಬಾಯಿಬಿಟ್ಟು ಹೇಳದ ಒಂದು ನಿಯಮವಿರುತ್ತದೆ. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಹೇತುವಿಗೂ (ಕೊಡುವ ಕಾರಣ) ಸಾಧ್ಯಕ್ಕೂ (ಸಾಧಿಸಬೇಕಾದ ಮಾತು) ನಡುವಿನ ವ್ಯಾಪ್ತಿಯ, ಅಂದರೆ ತಪ್ಪದ ಸಂಬಂಧದ, ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಂಡದ್ದೂ ಇಂಥದೇ ಕಾರಣಕ್ಕೆ. ‘ಮೊಬೈಲ್ ಗಮನ ಕೆಡಿಸುತ್ತದೆ, ಆದ್ದರಿಂದ ಶಾಲೆಯಲ್ಲಿ ಅದನ್ನು ನಿಷೇಧಿಸಬೇಕು’ ಎಂಬ ವಾದವನ್ನು ತೆಗೆದುಕೊಳ್ಳಿ. ಗಮನ ಕೆಡಿಸುವುದನ್ನೆಲ್ಲ ನಿಷೇಧಿಸಬೇಕು ಎಂಬುದು ಇಲ್ಲಿ ಅಡಗಿರುವ ನಿಯಮ. ಹೇಳಿದ ಕೂಡಲೇ ಅದು ಅತಿಯೆಂದು ಮಕ್ಕಳಿಗೇ ಕಾಣುತ್ತದೆ, ಹಾಗಾದರೆ ಯಾವ ಮಿತಿಯಲ್ಲಿ ಒಪ್ಪಬಹುದು ಎಂಬ ಚರ್ಚೆ ತಾನಾಗಿಯೇ ಆರಂಭವಾಗುತ್ತದೆ. ಒಂದು ಎಚ್ಚರಿಕೆ: ಮಾತು ಪರಿಣಾಮಕಾರಿಯೇ, ವಾದ ಸರಿಯೇ ಎಂಬ ಎರಡು ಪ್ರಶ್ನೆಗಳನ್ನು ಒಂದೇ ಉತ್ತರದಲ್ಲಿ ಬರೆಯಲು ಬಿಡಬೇಡಿ. ತಾವು ಒಪ್ಪದ ಲೇಖನ ದುರ್ಬಲವೆಂದೂ ಒಪ್ಪಿದ್ದು ಪ್ರಬಲವೆಂದೂ ತೀರ್ಪು ಕೊಡುವ ಚಾಳಿ ಹಿರಿಯರಿಗೂ ಇದೆ.

ಪ್ರಶ್ನೆ: ತರ್ಕದೋಷಗಳ ಪಾಠವಾದಂದಿನಿಂದ ಒಂಬತ್ತನೆಯ ತರಗತಿಯ ನನ್ನ ಮಗ ಎಲ್ಲರ ಮಾತಿಗೂ ‘ಇದು ಹೇತ್ವಾಭಾಸ’, ಅಂದರೆ ಕಾರಣದಂತೆ ಕಾಣುವ ತಪ್ಪು ಕಾರಣ, ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ದೋಷವಿರುವ ವಾದದ ತೀರ್ಮಾನವೂ ನಿಜವಾಗಿರಬಹುದು ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ದೋಷ ತೋರಿಸಿದಾಗಲೆಲ್ಲ, ಎದುರಿನವರು ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಒಪ್ಪುವಂತೆ ಅವರ ವಾದವನ್ನು ಮೊದಲು ತಿರುಗಿ ಹೇಳಲು, ಅನಂತರ ಅದೇ ತೀರ್ಮಾನಕ್ಕೆ ಇನ್ನೂ ಗಟ್ಟಿಯಾದ ಆಧಾರವೊಂದನ್ನು ಹುಡುಕಿಕೊಡಲು ಹೇಳಿ.