ಜರ್ಸಿ ಹಸಿರಾದರೆ ಸಾಕಾ, ಕೆರೆ ತುಂಬಬೇಡವಾ?

ಕ್ರಿಕೆಟ್ ಲೀಗ್‌ಗಳು ಮಾಡುವ ಸಮಾಜಸೇವೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಐಪಿಎಲ್ ಮೇಲೆಯೇ ಇವೆ. ಕೆಲವನ್ನು ಆರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಆರ್‌ಸಿಬಿಯವರು ವರ್ಷಕ್ಕೊಂದು ಮ್ಯಾಚ್ ಹಸಿರು ಜರ್ಸಿ ಹಾಕಿಕೊಂಡು ಆಡುತ್ತಾರೆ, ಟಾಸ್ ಹೊತ್ತಿಗೆ ಎದುರಾಳಿ ಕ್ಯಾಪ್ಟನ್ ಕೈಗೆ ಒಂದು ಗಿಡ ಕೊಡುತ್ತಾರೆ. ಇದರಿಂದ ಊರಿಗೆ ಏನಾದರೂ ಉಪಯೋಗ ಆಗಿದೆಯಾ? ಹಸಿರು ಹಾಕಿದ ದಿನ ಸೋಲ್ತಾರೆ ಅಂತ ನಮ್ಮ ಮನೇಲಿ ಎಲ್ಲರಿಗೂ ಬೇಜಾರು ಬೇರೆ.
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಸೋಲಿನ ಮಾತು ಮೊದಲು ಮುಗಿಸಿಬಿಡೋಣ. 2025ರ ಏಪ್ರಿಲ್ 13ರಂದು ಜೈಪುರದಲ್ಲಿ ಇದೇ ಹಸಿರು ಜರ್ಸಿಯಲ್ಲಿ ರಾಜಸ್ಥಾನದವರನ್ನು 9 ವಿಕೆಟ್‌ಗಳಿಂದ ಸೋಲಿಸಿದರು, ಆ ವರ್ಷ ಕಪ್ಪೂ ಬಂತು. ಹಾಗಾಗಿ ಮನೆಯವರಿಗೆ ಧೈರ್ಯ ಹೇಳಿ.

ಇನ್ನು ಗಿಡದ ವಿಷಯ. 2011ರಿಂದ ಈ ಹಸಿರು ಪಂದ್ಯ ನಡೆದುಕೊಂಡು ಬಂದಿದೆ. ಟಾಸ್ ಹೊತ್ತಿಗೆ ಕೊಡುವ ಒಂದು ಗಿಡದಿಂದ ಬೆಂಗಳೂರಿನ ಗಾಳಿ ಸರಿಹೋಗುವುದಿಲ್ಲ. ಅದು ಜನರ ಗಮನ ಸೆಳೆಯುವ ಕೆಲಸ, ಅಷ್ಟಕ್ಕೆ ಅದು ಸರಿಯೇ. ಆದರೆ ಅದೇ ಹಸಿರು ಯೋಜನೆಯ ಅಡಿಯಲ್ಲಿ ನಡೆದ ಇನ್ನೊಂದು ಕೆಲಸ ಟಿವಿಯಲ್ಲಿ ಅಷ್ಟಾಗಿ ಕಾಣಲಿಲ್ಲ, ನನಗೆ ಜಾಸ್ತಿ ಮುಖ್ಯ ಅನಿಸುವುದು ಅದು. ಬೆಂಗಳೂರಿನ ಉತ್ತರಕ್ಕಿರುವ ಇಟ್ಗಲ್‌ಪುರ ಕೆರೆ ಮತ್ತು ಸಾದೇನಹಳ್ಳಿ ಕೆರೆಗಳ ಹೂಳು ತೆಗೆಸುವುದಕ್ಕೆ ಆರ್‌ಸಿಬಿ ದುಡ್ಡು ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು. ಎರಡೂ ಕೆರೆಗಳಿಂದ 1.20 ಲಕ್ಷ ಟನ್‌ಗಿಂತ ಜಾಸ್ತಿ ಹೂಳು ಎತ್ತಿದರು. ಆ ಮಣ್ಣಿನಲ್ಲಿ ಸ್ವಲ್ಪ ಭಾಗ ಏರಿ ಬಲಪಡಿಸುವುದಕ್ಕೆ, ಸುತ್ತ ಓಡಾಡುವ ದಾರಿ ಮಾಡುವುದಕ್ಕೆ ಹೋಯಿತು. ಉಳಿದದ್ದರಲ್ಲಿ 52 ರೈತರು ತಮ್ಮ ಹೊಲಗಳಿಗೆ ಹೊಡೆಸಿಕೊಂಡರು. ಬಯಲುಸೀಮೆಯವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಕಟ್ಟಿಕೊಂಡು ಕೆರೆಗೋಡು ಹೊಡೆಸಿದ ಹೊಲ ಮುಂದಿನ ಮಳೆಗೆ ಹೇಗೆ ಎದ್ದು ನಿಲ್ಲುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆ ಭಾಗಕ್ಕೆ ಕಾವೇರಿ ನೀರಿನ ಪೈಪು ಹೋಗಿಲ್ಲ, ಬೋರ್‌ವೆಲ್ಲೇ ಗತಿ. ಕೆರೆಯಲ್ಲಿ ನಾಲ್ಕು ತಿಂಗಳು ಜಾಸ್ತಿ ನೀರು ನಿಂತರೆ ಸುತ್ತಲಿನ ಬೋರ್‌ವೆಲ್‌ಗಳಿಗೆ ಅದೇ ಜೀವ.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಹೂಳು ತೆಗೆಯುವುದು ಒಂದು ಬೇಸಿಗೆಯ ಕೆಲಸ. ಆಮೇಲೆ ಜೊಂಡು ಕೀಳಿಸುವವರು ಯಾರು, ತೂಬು ಕೋಡಿ ನೋಡಿಕೊಳ್ಳುವವರು ಯಾರು, ಮೇಲಿನ ಬಡಾವಣೆಯ ಕೊಳಚೆ ಕಾಲುವೆ ಹಿಡಿದು ಕೆರೆಗೆ ಇಳಿಯದ ಹಾಗೆ ತಡೆಯುವವರು ಯಾರು? ಅದು ಊರಿನವರು, ಪಂಚಾಯಿತಿ, ದುಡ್ಡು ಕೊಟ್ಟವರು ಮೂವರೂ ಸೇರಿ ವರ್ಷ ವರ್ಷ ಮಾಡಬೇಕಾದ ಕೆಲಸ. ಯಾವ ಲೀಗಿನ ಯಾವ ಸಮಾಜಸೇವೆ ನೋಡಿದರೂ ನಾನು ಮೊದಲು ಕೇಳುವುದು ಇದನ್ನೇ: ಸೀಸನ್ ಮುಗಿದ ಮೇಲೆ ಅಲ್ಲಿ ಯಾರು ಉಳಿಯುತ್ತಾರೆ?

ಪ್ರಶ್ನೆ: ಡಾಟ್ ಬಾಲ್‌ಗೆ ಗಿಡ, ಸಿಕ್ಸರ್‌ಗೆ ಸೋಲಾರ್ ಅಂತೆಲ್ಲ ಬರುತ್ತಲ್ಲ, ಇವು ಸುಮ್ನೆ ಪ್ರಚಾರವಾ?
– ಓದುಗರು, ತಿಪಟೂರು

ಉತ್ತರ: ಪ್ರಚಾರ ಇದೆ, ಕೆಲಸವೂ ಇದೆ. ಬೇರೆ ಬೇರೆ ನೋಡೋಣ.

2023ರ ಪ್ಲೇಆಫ್‌ನಲ್ಲಿ ಒಂದೊಂದು ಡಾಟ್ ಬಾಲ್‌ಗೆ, ಅಂದರೆ ರನ್ ಬಾರದ ಎಸೆತಕ್ಕೆ, 500 ಗಿಡ ನೆಡುತ್ತೇವೆ ಅಂತ ಬಿಸಿಸಿಐ ಹೇಳಿತು. ಚೆನ್ನೈನಲ್ಲಿ ಗುಜರಾತ್ ಮತ್ತು ಚೆನ್ನೈ ಆಡಿದ ಮೊದಲ ಕ್ವಾಲಿಫೈಯರ್ ಒಂದರಲ್ಲೇ 84 ಡಾಟ್ ಬಾಲ್ ಬಿದ್ದು 42,000 ಗಿಡದ ಲೆಕ್ಕ ಆಯಿತು. ಟಿವಿ ಪರದೆಯ ಮೇಲೆ ಚುಕ್ಕಿ ಬದಲು ಪುಟ್ಟ ಗಿಡದ ಚಿತ್ರ ಬಂದದ್ದು ನೆನಪಿರಬಹುದು. ಮಕ್ಕಳು ಡಾಟ್ ಬಾಲ್‌ಗೂ ಚಪ್ಪಾಳೆ ಹೊಡೆದರು, ಅದು ಚೆಂದವೇ. ಆದರೆ ಗಿಡ ನೆಟ್ಟ ದಿನದ ಲೆಕ್ಕಕ್ಕಿಂತ ಎರಡು ಮೂರು ಬೇಸಿಗೆ ದಾಟಿ ಎಷ್ಟು ಉಳಿದವು ಅನ್ನುವ ಲೆಕ್ಕ ಮುಖ್ಯ. ತೆಂಗಿನ ಸಸಿ ಇಟ್ಟು ಅಭ್ಯಾಸ ಇರುವ ನಿಮ್ಮ ಊರಿನವರಿಗೆ ಇದನ್ನು ನಾನು ಹೇಳುವುದೇ ಹೆಚ್ಚಾಯಿತು. ಆ ಲೆಕ್ಕವನ್ನು ಸ್ಕೋರ್‌ಕಾರ್ಡಿನಷ್ಟೇ ದೊಡ್ಡದಾಗಿ ಪ್ರತಿ ವರ್ಷ ಪ್ರಕಟಿಸಬೇಕು ಅಂತ ನಾನು ಬಯಸುತ್ತೇನೆ.

ಸೋಲಾರ್ ಬಗ್ಗೆ ನನಗೆ ಇನ್ನೂ ಒಳ್ಳೆಯ ಅಭಿಪ್ರಾಯ ಇದೆ. 2024ರ ಏಪ್ರಿಲ್ 6ರಂದು ಜೈಪುರದಲ್ಲಿ ರಾಜಸ್ಥಾನ ಮತ್ತು ಆರ್‌ಸಿಬಿ ಪಂದ್ಯ. ಎರಡೂ ತಂಡಗಳು ಹೊಡೆದ ಪ್ರತಿ ಸಿಕ್ಸರ್‌ಗೆ ಆರು ಮನೆಗಳಿಗೆ ಸೋಲಾರ್ ವಿದ್ಯುತ್ ಅನ್ನುವುದು ಆವತ್ತು ರಾಜಸ್ಥಾನ ತಂಡದವರು ಕೊಟ್ಟ ಮಾತು. ಸಾಂಭರ್ ಕಡೆಯ ಹಳ್ಳಿಗಳ ಮನೆಗಳು ಅವು, ಹೆಣ್ಣುಮಕ್ಕಳ ಬದುಕು ಸುಧಾರಿಸಬೇಕು ಅನ್ನುವುದು ಗುರಿ. ಆವತ್ತು ವಿರಾಟ್ ಕೊಹ್ಲಿ, ಜೋಸ್ ಬಟ್ಲರ್ ಇಬ್ಬರೂ ಶತಕ ಹೊಡೆದರು. ಕೊಹ್ಲಿ ಶತಕ ಹೊಡೆದೂ ನಾವು ಸೋತೆವು, ಆದರೆ ಅವರ ಸಿಕ್ಸರ್‌ಗಳು ಕೂಡ ಅಲ್ಲಿಯ ಮನೆಗಳ ಲೆಕ್ಕಕ್ಕೆ ಸೇರಿದವು. ಇಲ್ಲಿ ಯಾವ ಊರು, ಯಾರ ಮನೆ ಅಂತ ಗೊತ್ತಿದೆ. ಬ್ಯಾಟರಿ ಕೆಟ್ಟರೆ ಹೋಗಿ ಕೇಳುವುದಕ್ಕೆ ಒಂದು ಸಂಸ್ಥೆ ಇದೆ. ಅದಕ್ಕೇ ಇದು ನನಗೆ ಇಷ್ಟ.

ಮುಂಬೈನವರು ವರ್ಷಕ್ಕೊಮ್ಮೆ ವಾಂಖೆಡೆ ಸ್ಟೇಡಿಯಂ ಅನ್ನು ಮಕ್ಕಳಿಗೇ ಬಿಟ್ಟುಕೊಡುತ್ತಾರೆ. 2023ರಲ್ಲಿ ಸುಮಾರು 19,000 ಹೆಣ್ಣುಮಕ್ಕಳನ್ನು ಕರೆಸಿದ್ದರು. ಒಂದು ಸಂಜೆಯ ಖುಷಿ ಅಷ್ಟೇ ಅನ್ನುವವರಿದ್ದಾರೆ. ಸ್ಟೇಡಿಯಂ ಒಳಗೆ ಕಾಲಿಡುವುದೇ ಕನಸು ಅಂತಿರುವ ಮಗುವಿಗೆ ಒಂದು ಸಂಜೆ ಚಿಕ್ಕದಲ್ಲ. 2024ರ ಟೂರ್ನಿ ಮುಗಿದ ಮೇಲೆ ಹತ್ತು ಮುಖ್ಯ ಮೈದಾನಗಳ ಸಿಬ್ಬಂದಿಗೆ, ಒಂದೊಂದು ಮೈದಾನಕ್ಕೆ ಒಟ್ಟು 25 ಲಕ್ಷ ರೂಪಾಯಿಯಂತೆ, ಕೊಟ್ಟದ್ದನ್ನೂ ನೆನೆಯಬೇಕು. ಮಳೆ ಬಂದ ತಕ್ಷಣ ಕವರ್ ಎಳೆದುಕೊಂಡು ಓಡುವವರಿಗೆ ಮೊದಲು ಸಿಗಬೇಕಾದದ್ದು ಸಿಕ್ಕಿತು.

ಪ್ರಶ್ನೆ: ಜನಕ್ಕೆ ಕುಡಿಯೋ ನೀರಿಲ್ಲ, ಮೈದಾನಕ್ಕೆ ಮಾತ್ರ ನೀರು ಹಾಯಿಸ್ತಾರೆ. ಇದನ್ನು ಕೇಳುವವರು ಯಾರೂ ಇಲ್ವಾ?
– ಓದುಗರು, ಕಲಬುರಗಿ

ಉತ್ತರ: ಕೇಳಿದ್ದಾರೆ, ಅದೂ ಹೈಕೋರ್ಟಿನಲ್ಲಿ. 2016ರ ಏಪ್ರಿಲ್‌ನಲ್ಲಿ ನಿಮ್ಮ ನೆರೆಯ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಹೋಗುತ್ತಿತ್ತು. ಅದೇ ವಾರ, ಏಪ್ರಿಲ್ 13ರಂದು, ಬಾಂಬೆ ಹೈಕೋರ್ಟ್ ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಒಯ್ಯಿರಿ ಅಂತ ಹೇಳಿತು. ಫೈನಲ್ ಮುಂಬೈನಿಂದ ಬೆಂಗಳೂರಿಗೆ ಬಂತು. ಆ ವರ್ಷ ನಮ್ಮ ರಾಜ್ಯದಲ್ಲೂ ಬರವೇ ಇತ್ತು ಅನ್ನುವುದು ನಿಮಗೆ ನೆನಪಿರುತ್ತದೆ.

2024ರಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಚಿನ್ನಸ್ವಾಮಿ ಮೈದಾನದ ಹುಲ್ಲಿಗೆ ಕಬ್ಬನ್ ಪಾರ್ಕಿನ ಘಟಕದಲ್ಲಿ ಶುದ್ಧ ಮಾಡಿದ ಕೊಳಚೆ ನೀರನ್ನು ಕೊಡುವುದಕ್ಕೆ ಜಲಮಂಡಳಿ ಒಪ್ಪಿಕೊಂಡಿತು. ಇದೇ ಸ್ಟೇಡಿಯಂ ಛಾವಣಿಯ ಮೇಲೆ 2015ರಿಂದ 400 ಕಿಲೋವಾಟ್ ಸೋಲಾರ್ ಘಟಕ ಇದೆ. ಇಂಥ ವ್ಯವಸ್ಥೆ ಪ್ರತಿ ಮೈದಾನದಲ್ಲೂ ಕಾಯಂ ಆಗಿ ಇರಬೇಕು, ಬರ ಬಂದ ಮೇಲೆ ಯಾರೋ ಕೋರ್ಟಿಗೆ ಹೋಗುವ ತನಕ ಕಾಯಬಾರದು.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಫುಟ್‌ಬಾಲ್ ಕ್ಲಬ್ಬಿನವರು ವರ್ಷಪೂರ್ತಿ ಶಾಲೆ, ಆಸ್ಪತ್ರೆ ಅಂತ ಓಡಾಡುತ್ತಿರುತ್ತಾರೆ. ನಮ್ಮಲ್ಲಿ ಯಾಕೆ ಹಾಗಿಲ್ಲ?
– ಕನ್ನಡಿಗರೊಬ್ಬರು, ಲಿವರ್‌ಪೂಲ್

ಉತ್ತರ: ನೀವು ಇರುವ ಊರೇ ಒಳ್ಳೆಯ ಉದಾಹರಣೆ. ಎವರ್ಟನ್ ಕ್ಲಬ್ ಶುರುವಾದದ್ದು 1878ರಲ್ಲಿ, ಅದರ ಸಮಾಜಸೇವೆಯ ಟ್ರಸ್ಟ್ ಶುರುವಾದದ್ದು 1988ರಲ್ಲಿ. ಆ ಟ್ರಸ್ಟಿಗೆ ತನ್ನದೇ ಕಚೇರಿ, ಸಂಬಳದ ಸಿಬ್ಬಂದಿ ಇದ್ದಾರೆ. ತಂಡ ಸೋತರೂ ಗೆದ್ದರೂ ಸೋಮವಾರ ಬೆಳಿಗ್ಗೆ ಅವರು ಬಾಗಿಲು ತೆರೆಯುತ್ತಾರೆ. ಪ್ರೀಮಿಯರ್ ಲೀಗ್ ಕೂಡ 2006ರಿಂದ, ಕಷ್ಟದ ಬಡಾವಣೆಗಳ ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ಆಟ ಆಡಿಸುವ ‘ಕಿಕ್ಸ್’ ಕಾರ್ಯಕ್ರಮ ನಡೆಸುತ್ತಿದೆ. ನಿಮ್ಮ ಊರಿನಲ್ಲಿ ಎವರ್ಟನ್, ಲಿವರ್‌ಪೂಲ್ ಅಭಿಮಾನಿಗಳು ಮೈದಾನದಲ್ಲಿ ಬದ್ಧ ವೈರಿಗಳು, ಆದರೂ 2015ರಿಂದ ಒಟ್ಟಿಗೆ ನಿಂತು ಪಂದ್ಯದ ದಿನ ಬಡವರಿಗೆ ದವಸ ಧಾನ್ಯ ಸಂಗ್ರಹ ಮಾಡುತ್ತಾರೆ. ಅಭಿಮಾನಿಗಳೇ ಶುರು ಮಾಡಿದ್ದು ಅದು. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದೂ ಅದೇ.

ಐಪಿಎಲ್ ಶುರುವಾದದ್ದು 2008ರಲ್ಲಿ. ಆಟ ಎರಡು ತಿಂಗಳು, ಆಮೇಲೆ ಆಟಗಾರರು ದಿಕ್ಕಾಪಾಲು. ಮೈದಾನ ತಂಡ ನಡೆಸುವ ಫ್ರಾಂಚೈಸಿಯದ್ದಲ್ಲ, ರಾಜ್ಯ ಕ್ರಿಕೆಟ್ ಸಂಸ್ಥೆಯದ್ದು. ಹೀಗಾಗಿ ಊರಿನ ಜೊತೆ ದಿನದಿನದ ಒಡನಾಟ ಬೆಳೆಯುವುದು ನಿಧಾನ. ಆದರೆ ಕಾರಣ ಇದೆ ಅಂತ ಬಿಟ್ಟುಬಿಡುವ ಹಾಗಿಲ್ಲ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ಇಷ್ಟು ದುಡ್ಡಿರುವ ಲೀಗಿಗೆ ತಂಡಕ್ಕೊಂದು ಕಾಯಂ ಕಚೇರಿ ನಡೆಸುವುದು ಭಾರವೇನಲ್ಲ.

ಪ್ರಶ್ನೆ: ಒಂದು ಕಡೆ ಕ್ಯಾನ್ಸರ್ ಜಾಗೃತಿ ಅಂತ ಬಣ್ಣದ ಜರ್ಸಿ, ಇನ್ನೊಂದು ಕಡೆ ಓವರಿಗೊಂದು ಪಾನ್ ಮಸಾಲ ಹೆಸರಿನ ಜಾಹೀರಾತು. ನಾನು ಶಿಕ್ಷಕಿ. ಮಕ್ಕಳಿಗೆ ಏನಂತ ಹೇಳಲಿ?
– ಓದುಗರು, ಮೈಸೂರು

ಉತ್ತರ: ಮೇಡಂ, ನಿಮ್ಮ ಸಿಟ್ಟು ನ್ಯಾಯವಾದದ್ದು. ಗುಜರಾತ್ ತಂಡ 2023ರಲ್ಲಿ ಲ್ಯಾವೆಂಡರ್ ಬಣ್ಣದ ಜರ್ಸಿ ಹಾಕಿದ್ದು ಕ್ಯಾನ್ಸರ್ ಜಾಗೃತಿಗೆ, ಆ ಬಣ್ಣ ಅನ್ನನಾಳದ ಕ್ಯಾನ್ಸರಿನ ಗುರುತು. ತಂಬಾಕಿನಿಂದಲೂ ಬರುವ ಕಾಯಿಲೆ ಅದು. ಏಲಕ್ಕಿ, ಸೋಡಾ ಹೆಸರಿನಲ್ಲಿ ಗುಟ್ಕಾ, ಮದ್ಯದ ಬ್ರಾಂಡುಗಳು ಹಿಂಬಾಗಿಲಿನಿಂದ ಬರುವುದನ್ನೂ ಸೇರಿಸಿ ಎಲ್ಲ ತಂಬಾಕು, ಮದ್ಯ ಜಾಹೀರಾತು ನಿಲ್ಲಿಸಿ ಅಂತ 2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಐಪಿಎಲ್ ಮುಖ್ಯಸ್ಥರಿಗೆ ಪತ್ರ ಬರೆಯಿತು. ಲೀಗ್ ತಾನಾಗಿಯೇ ಮಾಡಬಹುದಾಗಿದ್ದ ಕೆಲಸ, ಸರ್ಕಾರ ಕಾಗದ ಬರೆದು ಹೇಳಬೇಕಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿಷಯದಲ್ಲೂ ಹೀಗೇ ಆಯಿತು, 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದ ಮೇಲೆಯೇ ಭಾರತ ತಂಡದ ಜರ್ಸಿ ಮೇಲಿಂದ ಡ್ರೀಮ್11 ಹೆಸರು ಇಳಿದದ್ದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2026-27ರ ಸೀಸನ್ನಿನಿಂದ ಪಂದ್ಯದ ಅಂಗಿಯ ಎದೆಯ ಮೇಲೆ ಬೆಟ್ಟಿಂಗ್ ಕಂಪನಿ ಹೆಸರು ಹಾಕುವುದಿಲ್ಲ ಅಂತ 2023ರಲ್ಲೇ ತಾವೇ ಒಪ್ಪಿಕೊಂಡವು.

ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಟ ಒಳ್ಳೆಯದು, ಆಟಗಾರರು ಒಳ್ಳೆಯವರು, ಆದರೆ ಆ ಜಾಹೀರಾತು ತಪ್ಪು. ಮಕ್ಕಳಿಗೆ ಇದು ಅರ್ಥ ಆಗುತ್ತದೆ.

ಪ್ರಶ್ನೆ: 2025ರ ಜೂನ್ 4ರ ನಂತರ ಆರ್‌ಸಿಬಿ ಕೊಟ್ಟ ಹಣವನ್ನೂ ಸಮಾಜಸೇವೆ ಅನ್ನಬಹುದಾ?
– ಓದುಗರು, ಹಾಸನ

ಉತ್ತರ: ಇಲ್ಲ. ಕಪ್ ಗೆದ್ದ ಸಂಭ್ರಮ ನೋಡಲು ಚಿನ್ನಸ್ವಾಮಿ ಹತ್ತಿರ ಬಂದ 11 ಜನ ಕಾಲ್ತುಳಿತದಲ್ಲಿ ತೀರಿಕೊಂಡರು. ಅಭಿಮಾನಿಗಳು, ಬಹಳ ಜನ ಚಿಕ್ಕ ವಯಸ್ಸಿನವರು. ಮೊದಲು 10 ಲಕ್ಷ ರೂಪಾಯಿ ಅಂದರು, ಆಗಸ್ಟ್ ಕೊನೆಗೆ ‘ಆರ್‌ಸಿಬಿ ಕೇರ್ಸ್’ ಹೆಸರಿನಲ್ಲಿ ಪ್ರತಿ ಕುಟುಂಬಕ್ಕೆ 25 ಲಕ್ಷ ಅಂತ ಹೇಳಿದರು. ಅದು ಆ ಮನೆಗಳಿಗೆ ಸಲ್ಲಬೇಕಾದ ಹಣ, ದಾನದ ಲೆಕ್ಕಕ್ಕೆ ಬರೆಯುವಂಥದ್ದಲ್ಲ. ಜನಸಂದಣಿ ನಿಭಾಯಿಸುವ ಬಗ್ಗೆ ಕೆಲಸ ಮಾಡುತ್ತೇವೆ ಅಂತಲೂ ಆಗ ಹೇಳಿದ್ದಾರೆ. ನಾವೆಲ್ಲ ಬಿಡದೆ ಕೇಳಬೇಕಾದದ್ದು ಆ ಮಾತಿನ ಬಗ್ಗೆ.

ಪ್ರಶ್ನೆ: ನಮ್ಮೂರ ಯುವಕ ಸಂಘದಿಂದ ಸರ್ಕಾರಿ ಶಾಲೆ ಮಕ್ಕಳಿಗೆ ಕ್ರಿಕೆಟ್, ಕಬಡ್ಡಿ ಕಲಿಸುತ್ತೇವೆ. ಫ್ರಾಂಚೈಸಿಗಳ ಸಿಎಸ್‌ಆರ್ ಹಣ ನಮಗೂ ಸಿಗಬಹುದಾ? ಬಿಸಿಸಿಐಗೆ ಬರೆಯಬೇಕಾ?
– ಓದುಗರು, ಶಿರಾ

ಉತ್ತರ: ಬಿಸಿಸಿಐ ಕಂಪನಿ ಅಲ್ಲ, ತಮಿಳುನಾಡಿನ ಸಂಘಗಳ ಕಾನೂನಿನಡಿ ನೋಂದಣಿಯಾದ ಸಂಸ್ಥೆ. ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಲಾಭದ ಒಂದು ಪಾಲು ಕೊಡಬೇಕು ಅನ್ನುವ ನಿಯಮ, ಇರುವುದು ಕಂಪನಿಗಳಿಗೆ. ಹಾಗಾಗಿ ಬಿಸಿಸಿಐಗೆ ಬರೆಯಬೇಕಾಗಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ. ಸುಮ್ನೆ ತಮ್ಮ ಬ್ಯಾನರ್ ಕಟ್ಟಿಸಿಕೊಳ್ಳುವುದಕ್ಕೆ ಕೊಡುವ ಪ್ರಾಯೋಜಕತ್ವ ಮಾತ್ರ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ.

ನೀವು ಮೊದಲು ಸಂಘ ನೋಂದಣಿ ಮಾಡಿಸಿ. ಸಂಘಕ್ಕೂ ದಾನ ಕೊಟ್ಟವರಿಗೂ ಆದಾಯ ತೆರಿಗೆ ರಿಯಾಯಿತಿ ಸಿಗುವ ನೋಂದಣಿ (12ಎ, 80ಜಿ ಅಂತ ಕರೆಯುವುದು) ಮಾಡಿಸಿ, ಆಮೇಲೆ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಯಾಗಿ ಹೆಸರು ಸೇರಿಸಲು ಕಂಪನಿ ವ್ಯವಹಾರಗಳ ಇಲಾಖೆಯಲ್ಲಿ ಸಿಎಸ್‌ಆರ್-1 ಅರ್ಜಿ ಹಾಕಿ. ಮೂರು ವರ್ಷ ಇಂಥದ್ದೇ ಕೆಲಸ ಮಾಡಿದ ದಾಖಲೆ ಬೇಕಾಗುತ್ತದೆ, ಹಾಗಾಗಿ ಇವತ್ತಿನಿಂದಲೇ ಹಾಜರಿ ಪುಸ್ತಕ, ಫೋಟೋ, ಖರ್ಚಿನ ಬಿಲ್ಲು ಎಲ್ಲ ಜೋಪಾನ ಮಾಡಿ. ದೀಪಿಕಾ ಟಿ.ಸಿ. ನಾಯಕಿಯಾಗಿದ್ದ ಭಾರತದ ಅಂಧ ಮಹಿಳೆಯರ ಕ್ರಿಕೆಟ್ ತಂಡ 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಮೊದಲ ಟಿ20 ವಿಶ್ವಕಪ್ ಗೆದ್ದಿತು, ಅದರ ಹಿಂದೆಯೂ ಬೆಂಗಳೂರಿನ ಸಮರ್ಥನಂ ಎನ್ನುವ ಸೇವಾಸಂಸ್ಥೆ ಇದೆ. ಅಷ್ಟೆಲ್ಲ ಕಾಗದ ಮಾಡಿಸುವುದು ಈಗಲೇ ಕಷ್ಟ ಅನಿಸಿದರೆ, ಆಗಲೇ ನೋಂದಣಿ ಇರುವ ಒಂದು ಸಂಸ್ಥೆಯ ಜೊತೆ ಸೇರಿ ಕೇಳಿ. ದೊಡ್ಡ ಮೊತ್ತ ಕೇಳುವ ಬದಲು ಎರಡು ಸೆಟ್ ಕಿಟ್, ಒಂದು ಮ್ಯಾಟ್, ಒಬ್ಬ ಕೋಚಿನ ವರ್ಷದ ಸಂಬಳ ಅಂತ ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ದಿನ ಬರುತ್ತಾರೆ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ.