ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಯಾಕೆ ಕೊಡ್ತಾರೆ? ಒಂದು ಸಾಲದಾ?

ಕೆಲವು ಕ್ಯಾನ್ಸರ್‌ಗಳಿಗೆ ಒಂದೇ ಸಾಕು. ಕೆಲವಕ್ಕೆ ಸಾಲದು.

ರೇಡಿಯೇಷನ್ ಗುರಿಯಿಟ್ಟ ಜಾಗಕ್ಕೆ ಮಾತ್ರ ಬೀಳುತ್ತದೆ. ಕೀಮೋ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಆದರೆ ಒಟ್ಟಿಗೆ ಕೊಡಲು ಇನ್ನೂ ದೊಡ್ಡ ಕಾರಣ ಇದೆ. ರೇಡಿಯೇಷನ್ ಕ್ಯಾನ್ಸರ್ ಕೋಶದ ಡಿಎನ್‌ಎ ಎಳೆಯನ್ನು ತುಂಡರಿಸುತ್ತದೆ. ಕೋಶ ಸುಮ್ನೆ ಬಿಡುವುದಿಲ್ಲ, ಕೆಲವೇ ಗಂಟೆಗಳಲ್ಲಿ ಹರಿದದ್ದನ್ನು ಹೊಲಿದುಕೊಳ್ಳಲು ನೋಡುತ್ತದೆ. ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿ ಅದೇ ಡಿಎನ್‌ಎಗೆ ಅಂಟಿಕೊಂಡು ಆ ರಿಪೇರಿಗೆ ಅಡ್ಡ ಬರುತ್ತದೆ. ಹಾಗಾಗಿ ಅಷ್ಟೇ ರೇಡಿಯೇಷನ್ ಜಾಸ್ತಿ ಕೆಲಸ ಮಾಡುತ್ತದೆ.

ಗರ್ಭಕಂಠದ ಕ್ಯಾನ್ಸರ್‌ಗೆ 1999ರ ಪ್ರಯೋಗಗಳ ಫಲಿತಾಂಶ ಬಂದಮೇಲೆ ಇದೇ ರೂಢಿಯಾಯಿತು. ಸಾಮಾನ್ಯವಾಗಿ ವಾರಕ್ಕೆ 5 ದಿನ ರೇಡಿಯೇಷನ್, ಒಂದು ದಿನ ಕೀಮೋ. ಗುದದ್ವಾರದ ಕ್ಯಾನ್ಸರ್‌ನಲ್ಲಂತೂ ಇದರಿಂದ ಎಷ್ಟೋ ಜನರಿಗೆ ಆಪರೇಷನ್ನೇ ತಪ್ಪುತ್ತದೆ. ಇದು ಸಣ್ಣ ಮಾತಲ್ಲ.

ಕಷ್ಟವೂ ಜಾಸ್ತಿ ಅನ್ನೋದು ನಿಜ. ಗಂಟಲಿಗೆ ಚಿಕಿತ್ಸೆ ಆಗುವಾಗ ಎರಡು ಮೂರು ವಾರಕ್ಕೆ ಬಾಯೆಲ್ಲ ಹುಣ್ಣಾಗಿ, ಎಂಜಲು ನುಂಗುವುದೂ ನೋವಾಗುತ್ತದೆ. ದಯವಿಟ್ಟು ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ಹೇಳಿ. ನೋವಿಗೆ ಔಷಧಿ ಇದೆ, ಬೇಕಾದರೆ ಟ್ಯೂಬ್ ಮೂಲಕ ಆಹಾರವನ್ನೂ ಕೊಡುತ್ತಾರೆ. ರೇಡಿಯೇಷನ್ ದಿನಗಳನ್ನು ಮಾತ್ರ ನೀವಾಗಿಯೇ ತಪ್ಪಿಸಬೇಡಿ. ಬಿಡುವು ಸಿಕ್ಕರೆ ಗೆಡ್ಡೆ ಮತ್ತೆ ಬೆಳೆಯುತ್ತದೆ. ಕಿಡ್ನಿ ದುರ್ಬಲ ಇದ್ದರೆ ಕೀಮೋ ಔಷಧಿ ಬದಲಿಸುತ್ತಾರೆ, ಇಲ್ಲವೇ ರೇಡಿಯೇಷನ್ ಒಂದನ್ನೇ ಕೊಡುತ್ತಾರೆ.